ಚಿತ್ರದಲ್ಲಿ ಏನು ಕಮ್ಮಿ

"ತಲೇಲಿ ಮಿದುಳಿದ್ದಿದ್ರೆ ಕೈಯಲ್ಲಿ ಬೆರಳಿರ್ತಿತ್ತು ಕಣೇ, ಮುಂಡೇದೆ. ನಡಿ ಒಳಗೆ, ಎಷ್ಟು ಸಗಣಿ ತುಂಬಿದೆ ಅಂತ ಸಾಹೇಬ್ರು ಅಳೀಲಿ."

ಮೇಸ್ತ್ರಿ ಹೀಗೆಂದದ್ದು ನನ್ನ ಅತ್ತಿಗೆಗೆ. ಅವಳ ಬಲಗೈಗೆ ಸುತ್ತಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ. ಹದಿನೆಂಟು ದಿನಗಳ ಹಿಂದೆ ಏಳನೇ ನಂಬರಿನ ಪ್ರೆಸ್ಸು ಡಬ್ಬಿಯ ಮುಚ್ಚಳದ ಜೊತೆಗೆ ಅವಳ ಎರಡು ಬೆರಳನ್ನೂ ಕತ್ತರಿಸಿ ಹಾಕಿತ್ತು. ನಮ್ಮಲ್ಲಿ ಅಡ್ಡಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಉಳಿದ ಬೆರಳು ಎಣಿಸಿದರೆ ಆಯಿತು. ತಗಡು ಕತ್ತರಿಸುವವನು ಒಂಬತ್ತು. ಎಲ್ಲರಿಗಿಂತ ಹಳಬ, ಆರೂವರೆ. ಅತ್ತಿಗೆ ಹೊಸದಾಗಿ ಎಂಟು. ನಾನಿನ್ನೂ ಹತ್ತು, ಅಂದರೆ ಇನ್ನೂ ಕೆಲಸ ಕಲಿಯದವಳೆಂದೇ ಲೆಕ್ಕ.

ನಾಲ್ಕು ತಿಂಗಳಲ್ಲಿ ಐದು ಕೈ ಹೋಗಿದ್ದವು. ಮೇಲಿನಿಂದ ಪ್ರಶ್ನೆ ಬಂದದ್ದೇ ಮ್ಯಾನೇಜರು ಬುದ್ಧಿ ಅಳೆಯುವ ಸಾಹೇಬನನ್ನು ಕರೆಸಿದ. ಆತ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಅಪಘಾತ ಎಲ್ಲರಿಗೂ ಆಗುವುದಿಲ್ಲ, ಬುದ್ಧಿ ತೊಂಬತ್ತಕ್ಕಿಂತ ಕೆಳಗಿದ್ದವರಿಗೇ ಆಗುತ್ತದೆ, ಇದು ಶಾಸ್ತ್ರ ಎಂದು ತಿಳಿಸಿದ. ತೊಂಬತ್ತರ ಕೆಳಗೆ ಬಂದವರಿಗೆ ಇನ್ನು ಯಂತ್ರವಿಲ್ಲ. ತಪ್ಪು ಅವರ ತಲೆಯದೆಂದು ಬರೆದು, ಗೇಟು ತೋರಿಸುವುದು. ಅಣ್ಣ ಸತ್ತ ಮೇಲೆ ಅತ್ತಿಗೆಯ ಮತ್ತು ಅವಳ ಎರಡು ಹೆಣ್ಣುಮಕ್ಕಳ ಹೊಟ್ಟೆ ಆ ಯಂತ್ರದ ಮೇಲೇ ನಿಂತಿತ್ತು.

ಅತ್ತಿಗೆಯನ್ನು ಒಳಗೆ ಕರೆಯುವ ಮೊದಲು, ಮಧ್ಯಾಹ್ನ ನಲ್ಲಿಯ ಹತ್ತಿರ ನಾನು ಮೂಗು ಹಿಡಿದುಕೊಂಡು ಸಾಹೇಬನಂತೆ ಮಾತಾಡಿ ತೋರಿಸಿದೆ. "ಭಯ ಬೇಡಮ್ಮಾ. ಇದು ಪರೀಕ್ಷೆ ಅಲ್ಲ. ಕೇವಲ ಅಳತೆ."

ಎಲ್ಲರೂ ನಕ್ಕರು, ಆರೂವರೆ ನಗಲಿಲ್ಲ. "ಅಳತೆ ತಗೊಳ್ಳೋರು ಇಬ್ಬರೇ ಕಣೇ ಹುಡುಗಿ. ಒಬ್ಬ ದರ್ಜಿ, ಇನ್ನೊಬ್ಬ ಹೆಣದ ಪೆಟ್ಟಿಗೆ ಮಾಡೋ ಬಡಗಿ. ಇವನು ಬಟ್ಟೆ ತಂದಿಲ್ಲ."

ಹಾಗಾದರೆ ಅತ್ತಿಗೆ ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಲಿ ಎಂದೆ. ಆರೂವರೆ ಅಡ್ಡಡ್ಡ ತಲೆಯಾಡಿಸಿದ. ಹಿಂದಿನ ಕಾರ್ಖಾನೆಯಲ್ಲೂ ಅಳೆದಿದ್ದರಂತೆ. "ಒಬ್ಬನಿಗೆ ನೂರಾ ಹತ್ತು ಬಂತು. ಇಷ್ಟು ಬುದ್ಧಿ ಇರೋನು ಬೇಕಂತಲೇ ಕೈ ಇಟ್ಟಿದಾನೆ ಅಂತ ಬರೆದ್ರು ಬೋಳಿಮಕ್ಕಳು. ಎಪ್ಪತ್ತು ಬಂದೋನು ದಡ್ಡ, ತಿಳೀದೆ ಇಟ್ಟ. ಇಬ್ಬರೂ ಒಂದೇ ಗೇಟಲ್ಲಿ ಆಚೆ ಹೋದ್ರು."

ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಬುದ್ಧಿಯನ್ನು ತೋರಿಸುವುದು ಹೇಗೆಂದು ಆಮೇಲೆ ಚರ್ಚೆ ನಡೆಯಿತು. ಒಂದು ಸರಿ, ಒಂದು ತಪ್ಪು, ಜಡೆ ಹೆಣೆದ ಹಾಗೆ ಹೇಳಬೇಕೆಂದಳು ಪ್ಯಾಕಿಂಗಿನ ಮುದುಕಿ. ಸಾಹೇಬ ಉತ್ತರ ನೋಡುವುದಿಲ್ಲ, ಕಣ್ಣು ನೋಡುತ್ತಾನೆ, ತಲೆ ಎತ್ತಲೇಬಾರದು ಎಂದ ಒಂಬತ್ತು. ಆರೂವರೆ ಮಾತ್ರ ಬೀಡಿಯ ಬೂದಿ ಕೊಡವುತ್ತ ಗೊಣಗಿದ: "ನಮ್ಮಪ್ಪ ಧಣೀನ ಬುದ್ಧೀ ಬುದ್ಧೀ ಅಂತ ಕರೆದೂ ಕರೆದೂ ಮನೇಲಿದ್ದದ್ದನ್ನೂ ಅವನಿಗೇ ಕೊಟ್ಬಿಟ್ಟ. ನನ್ನ ಹತ್ರ ಅಳೆಯೋಕೆ ಏನಿದೆ?"

ಮ್ಯಾನೇಜರನ ಪಕ್ಕದ ಕೋಣೆಗೆ ಇಬ್ಬಿಬ್ಬರನ್ನು ಬಿಡುತ್ತಿದ್ದರು. ಅತ್ತಿಗೆ ಕುರ್ಚಿಯಲ್ಲಿ, ಮುಂದಿನ ಸರದಿಯ ನಾನು ಗೋಡೆ ಬದಿಯ ಬೆಂಚಿನಲ್ಲಿ, ಮೇಸ್ತ್ರಿ ಬಾಗಿಲಲ್ಲಿ. ಮೇಜಿನ ಮೇಲೆ ಕೆಂಪು ಬಿಳಿ ಮರದ ಚೌಕಗಳು, ಕಬ್ಬಿಣದ ಜಾಲರಿಯ ತಟ್ಟೆಯ ತುಂಬ ಹಾಳೆಗಳು, ಸಾಹೇಬನ ಮುಷ್ಟಿಯಲ್ಲಿ ಗಡಿಯಾರ. ಚೌಕ ಜೋಡಿಸಿ ನಕ್ಷೆ ಮಾಡಬೇಕು. ಅತ್ತಿಗೆ ಎಡಗೈಯಲ್ಲಿ ಜೋಡಿಸಿದಳು. ಹೊತ್ತು ಮೀರಿತೆಂದು ಸಾಹೇಬ ಸೊನ್ನೆ ಹಾಕಿದ. ಬಲಗೈ ಕಟ್ಟಿದೆಯಲ್ಲ ಎಂದು ನಾನು ಬಾಯಿ ಹಾಕಿದ್ದಕ್ಕೆ, ನಿಯಮ ಎಲ್ಲರಿಗೂ ಒಂದೇ ಎಂದ.

ಬೀದಿಯಲ್ಲಿ ಯಾರದೋ ಕೈಚೀಲ ಬಿದ್ದಿದ್ದರೆ ಏನು ಮಾಡುತ್ತೀರಿ?

"ಮುಟ್ಟಲ್ಲ. ಮುಟ್ಟಿದ್ರೆ ನಾನೇ ಕದ್ದೆ ಅಂತಾರೆ."

ಸೊನ್ನೆ.

ಆಮೇಲೆ ಒಂದು ಚಿತ್ರ ತೆಗೆದಿಟ್ಟ. ಬೆಂಚಿನಿಂದ ನನಗೂ ಕಾಣುತ್ತಿತ್ತು: ಒಂದು ಕೈ, ನಾಲ್ಕು ಬೆರಳು. "ಈ ಚಿತ್ರದಲ್ಲಿ ಏನು ಕಮ್ಮಿ ಇದೆ?"

ಅತ್ತಿಗೆ ಬಹಳ ಹೊತ್ತು ನೋಡಿದಳು. ನನಗಂತೂ ಅದು ಒಂಬತ್ತರ ಕೈಯೇ ಅನ್ನಿಸಿತು, ಉಗುರಿನ ಕೊಳೆಯೊಂದು ಬರೆದಿರಲಿಲ್ಲ.

"ಏನೂ ಕಮ್ಮಿಯಿಲ್ಲ. ಇಷ್ಟಿದ್ರೆ ಕೆಲಸ ಮಾಡ್ಬಹುದು."

ಮೇಸ್ತ್ರಿ ಕಿಸಕ್ಕನೆ ನಕ್ಕ. ಸಾಹೇಬ ಬಾಯಲ್ಲೇ ಕೂಡಿಸಿಕೊಂಡು, ಎಂಬತ್ತರ ಮೇಲೆ ಹೋಗುವುದಿಲ್ಲ ಎಂದು ಅವನಿಗೆ ಹೇಳಿ, ಹೊಸ ಹಾಳೆಗಾಗಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ತಟ್ಟೆ ತಿರುಗಿತು. ಅದರ ಅಂಚಿನಲ್ಲಿ ಕೆಂಪು ಬಣ್ಣದಲ್ಲಿ 7 ಎಂದು ಬರೆದಿತ್ತು.

ಮೊದಲು ಪ್ರತಿ ಪ್ರೆಸ್ಸಿಗೂ ಒಂದು ಜಾಲರಿ ಇತ್ತು. ಅದು ಕೈಗೆ ಅಡ್ಡವಾಗಿ ಇಳಿದ ಮೇಲೆಯೇ ಪ್ರೆಸ್ಸು ಇಳಿಯುತ್ತಿತ್ತು. ಜಾಲರಿ ಇದ್ದಾಗ ಗಂಟೆಗೆ ನಾನೂರು ಮುಚ್ಚಳ, ಇಲ್ಲದಿದ್ದರೆ ಆರುನೂರು. ಹನ್ನೊಂದು ತಿಂಗಳ ಹಿಂದೆ ಮೇಸ್ತ್ರಿ ನಿಂತು ಎಲ್ಲವನ್ನೂ ಬಿಚ್ಚಿಸಿದ್ದ. ಗುಜರಿಗೆ ಹೋದವೆಂದು ನಾವು ತಿಳಿದಿದ್ದೆವು.

"ಸಾಹೇಬ್ರೇ, ಈ ತಟ್ಟೆ ನಿಮ್ಮದಾ?" ಎಂದು ಕೇಳಿದಳು ಅತ್ತಿಗೆ.

ಇಲ್ಲೇ ಇತ್ತಲ್ಲ, ಯಾಕೆ ಎಂದ ಆತ.

"ಗಡಿಯಾರ ನಿಲ್ಲಿಸ್ಬೇಡಿ. ಉತ್ತರ ಕೊಡ್ತೀನಿ."

ಅತ್ತಿಗೆ ತಟ್ಟೆಯನ್ನು ಮಗುಚಿದಳು. ನಮ್ಮೆಲ್ಲರ ಬುದ್ಧಿ ನೆಲದ ಮೇಲೆ ಚೆಲ್ಲಿ, ಯಾರದು ಯಾವುದೆಂದು ತಿಳಿಯದಂತೆ ಬೆರೆತುಹೋಯಿತು. ಅವಳು ಜಾಲರಿಯನ್ನು ಎಡಗಂಕುಳಲ್ಲಿ ಅವುಚಿಕೊಂಡು ಹೊರಟಳು.

"ಎಲ್ಲಿಗೇ ಸೂಳೆ, ಇಡೇ ಅದನ್ನ!" ಮೇಸ್ತ್ರಿ ರಟ್ಟೆ ಹಿಡಿಯಲು ಬಂದ. ನಾನು ನಡುವೆ ನುಗ್ಗಿದೆ. ಗಡಿಯಾರ ಹಿಡಿದೇ ಸಾಹೇಬನೂ ಹಿಂದೆ ಬಂದ.

ಏಳನೇ ನಂಬರಿನಲ್ಲಿ ಹೊಸ ಹೆಂಗಸೊಬ್ಬಳನ್ನು ಕೂರಿಸಿದ್ದರು, ಹತ್ತು ಬೆರಳಿನವಳು. ಅತ್ತಿಗೆಯನ್ನು ಕಂಡು ಪೆಡಲಿನಿಂದ ಕಾಲು ತೆಗೆದಳು. ಅತ್ತಿಗೆ ಜಾಲರಿಯನ್ನು ಯಂತ್ರಕ್ಕೆ ಒತ್ತಿ ಹಿಡಿದಳು. ಜಾಲರಿಯ ಅಂಚಿನಲ್ಲಿ ಎರಡು ತೂತು, ಯಂತ್ರದ ಮೈಯಲ್ಲಿ ಎರಡು ತೂತು. ಒಂದರ ಮೇಲೊಂದು ಸರಿಯಾಗಿ ಕೂತವು. ಬೋಲ್ಟ್ ಇರಲಿಲ್ಲ. ನಾನು ನನ್ನ ಎರಡು ಬೆರಳನ್ನು ತೂರಿಸಿ ಹಿಡಿದೆ.

"ಈಗ ನೀವು ಹೇಳಿ ಸಾಹೇಬ್ರೇ," ಎಂದಳು ಅತ್ತಿಗೆ. "ಇಲ್ಲಿ ಏನು ಕಮ್ಮಿ ಇತ್ತು?"

ಆರೂವರೆ ತನ್ನ ಪ್ರೆಸ್ಸು ನಿಲ್ಲಿಸಿದ. ಆಮೇಲೆ ಒಂಬತ್ತು. ಆಮೇಲೆ ಒಂದೊಂದಾಗಿ ಇಡೀ ಸಾಲು. ಆ ಷೆಡ್ಡಿನಲ್ಲಿ ಮೊದಲ ಬಾರಿಗೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಸಾಹೇಬ ತೂತುಗಳನ್ನು ನೋಡಿದ, ಮೇಸ್ತ್ರಿಯ ಮುಖ ನೋಡಿದ. ಪೆನ್ಸಿಲು ಅವನ ಕೈಯಲ್ಲೇ ಇತ್ತು, ಹಾಳೆಗಳು ಒಳಗೆ ನೆಲದ ಮೇಲಿದ್ದವು.

ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ನಾನು ಬೆರಳು ತೆಗೆಯಲಿಲ್ಲ.