ಬೆಟ್ಟದಮ್ಮನ ಆರತಿಗೆ ಫೋರ್‌ವೀಲ್ ಜೀಪು

ಎದೆಯ ಆಪರೇಷನ್ನಿಗೆ ನನ್ನನ್ನು ಒಳಗೆ ಕರೆದುಕೊಂಡು ಹೋದ ದಿನ ನನ್ನ ಹೆಂಡತಿ ಪುಟ್ಟತಾಯಮ್ಮ ಹರಕೆ ಕಟ್ಟಿಕೊಂಡಿದ್ದಳು. ನಾನು ಉಳಿದರೆ ಸಾತನೂರಿನ ಆಚೆಯ ಬೆಟ್ಟದಮ್ಮನಿಗೆ ತಂಬಿಟ್ಟಿನ ಮೇಲೆ ತುಪ್ಪದ ದೀಪ ಹಚ್ಚಿ, ತಟ್ಟೆಯನ್ನು ತಲೆಯ ಮೇಲೆ ಹೊತ್ತು ತರುತ್ತೇನೆಂದು. ನಾನು ಉಳಿದೆ. ಹರಕೆ ತೀರಿಸುವ ಮೊದಲೇ ಅವಳು ಹೋದಳು. ಯಾಕಮ್ಮ ಹೀಗೆ ಮಾಡಿದೆ ಎಂದು ದೇವರನ್ನು ಕೇಳುವ ಧೈರ್ಯ ನನಗಿಲ್ಲ. ಹರಕೆಯನ್ನಾದರೂ ತೀರಿಸೋಣ ಎಂದುಕೊಂಡೆ.

ಆರತಿ ಹೊರುವುದು ಹೆಂಗಸರ ಕೆಲಸ. ಪುಟ್ಟತಾಯಿಯ ತಂಗಿ ಮಾಯಮ್ಮ ಒಪ್ಪಿದಳು. ಅವಳ ಮಂಡಿ ಒಪ್ಪಲಿಲ್ಲ. ಬೆಟ್ಟದ ಹಳೆಯ ಮೆಟ್ಟಿಲುಗಳನ್ನು ಕಲ್ಲುಕ್ವಾರಿ ತಿಂದುಹಾಕಿತ್ತು. ಉಳಿದದ್ದು ಟಿಪ್ಪರುಗಳು ಕೊರೆದ ಕಡಿದಾದ ಹಾದಿ. ನಾಲ್ಕೂ ಚಕ್ರ ಎಳೆಯುವ ಫೋರ್‌ವೀಲ್ ಜೀಪಾದರೆ ಹತ್ತುತ್ತದೆ ಎಂದರು. ಬಾಡಿಗೆಗೆ ತರಬಹುದಿತ್ತು. ಆದರೆ ಭಾನುವಾರಗಳಲ್ಲಿ ಬೆಂಗಳೂರಿನ ಹುಡುಗರು ರಾಮನಗರದ ಬಂಡೆಗಳ ಮೇಲೆ ಜೀಪು ಹತ್ತಿಸುವುದನ್ನು ನಾನು ನೋಡಿಬಿಟ್ಟಿದ್ದೆ. ನನ್ನ ವಯಸ್ಸಿನವರು ಅಂಥದ್ದನ್ನು ನೋಡಬಾರದು.

ಚನ್ನಪಟ್ಟಣದಲ್ಲಿ ಎರಡು ಹಳೆಯ ಜೀಪುಗಳು ಮಾರಾಟಕ್ಕಿದ್ದವು. ಒಂದು ಬಣ್ಣಗೆಟ್ಟದ್ದು. ಇನ್ನೊಂದಕ್ಕೆ ಮಿಲಿಟರಿ ಹಸಿರು. ಗೇರಿನ ಪಕ್ಕದಲ್ಲಿ ಫೋರ್‌ವೀಲಿಗೆಂದೇ ಒಂದು ಪುಟ್ಟ ಲಿವರು. ಜೀಪು ಕೊಳ್ಳುವವರು ಅದರ ಕೆಳಗೆ ಮಲಗಿ ನೋಡುತ್ತಾರಂತೆ. ನಾನು ಕಬ್ಬಾಳಿಗೆ ಹೋಗಿ, ಹಸಿರು ಜೀಪನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿನ ಅಮ್ಮನ ಮುಂದೆ ಪ್ರಸಾದ ಕೇಳಿದೆ. ಬಲಗಡೆಯಿಂದ ಹೂ ಬಿತ್ತು, ಅಮ್ಮ ಒಪ್ಪಿದಳು. ಆಮೇಲೆ ಕೆಳಗೆ ಮಲಗುವವರು ಯಾರು?

ಮೆಕ್ಯಾನಿಕ್ ಶುಕೂರನಿಗೆ ಹೇಳಿ ಹಲ್ಲಿನ ದಪ್ಪ ಟೈರು ಹಾಕಿಸಿದೆ. ಹೂತುಕೊಂಡರೆ ಎಳೆದುಕೊಳ್ಳಲು ಬಂಪರಿಗೆ ಉಕ್ಕಿನ ಹಗ್ಗ ಸುತ್ತಿದ ವಿಂಚು ಕೂರಿಸಿದೆ. ತುಂಬಿದ ಹೊಳೆಯಲ್ಲೂ ಎಂಜಿನ್ನು ಉಸಿರಾಡಲೆಂದು ಮೇಲಕ್ಕೆದ್ದ ಒಂದು ಕೊಳವೆ ಬೇರೆ.

“ಯಜಮಾನ್ರೇ, ನಮ್ ಕಡೆ ಎಮ್ಮೆ ಮುಳುಗೋ ಅಷ್ಟು ನೀರು ಎಲ್ಲೈತೆ?” ಎಂದ ಶುಕೂರ್.

“ಇರ್ಲಿ ಹಾಕಪ್ಪ. ಬೆಂಗ್ಳೂರೋರ ಜೀಪ್ಗೆಲ್ಲ ಐತೆ.”

ಒಂದು ಮಂಗಳವಾರ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹೊರಟೆವು. ಸ್ಟೀರಿಂಗಿಗೆ ನಾನು, ಪಕ್ಕದಲ್ಲಿ ತೊಡೆಯ ಮೇಲೆ ಆರತಿ ತಟ್ಟೆ ಇಟ್ಟುಕೊಂಡ ಮಾಯಮ್ಮ, ಹಿಂದೆ ಶುಕೂರ್. ಅರ್ಧ ಬೆಟ್ಟ ಹತ್ತಿದ ಮೇಲೆ ಜೀಪು ನಿಂತಿತು. ನಾನು ಪುಟ್ಟ ಲಿವರನ್ನು ತೇರಿನ ಹಗ್ಗ ಹಿಡಿದಷ್ಟು ಭಕ್ತಿಯಿಂದ ಎಳೆದೆ. ಹಿಂದಿನ ಚಕ್ರಗಳು ಮಣ್ಣು ಎರಚಿದವು. ಮುಂದಿನವು ಮದುವೆಗೆ ಬಂದ ನೆಂಟರ ಹಾಗೆ ನೋಡುತ್ತ ನಿಂತಿದ್ದವು. ವಿಂಚಿನ ಹಗ್ಗ ಕಟ್ಟೋಣವೆಂದರೆ ಕ್ವಾರಿಯವರು ಒಂದು ಮರವನ್ನೂ ಉಳಿಸಿರಲಿಲ್ಲ.

“ಶುಕೂರ್, ಮುಂದಿನ್ವು ಯಾಕೆ ತಿರುಗ್ತಿಲ್ಲ?”

“ಹೆಂಗೆ ತಿರುಗ್ತವೆ? ಮುಂದಿನ ಚಕ್ರ ತಿರುಗ್ಸೋ ಶಾಫ್ಟೇ ಬಿಚ್ಚಾಕವ್ರಲ್ಲ.”

“ಯಾರು?”

“ಮೊದ್ಲಿನ ಓನರು. ಡೀಸೆಲ್ ಉಳೀಲಿ ಅಂತ ಬಿಚ್ಚುಸ್ತಾರೆ. ನಿಮ್ಗೆ ಗೊತ್ತು ಅಂದ್ಕಂಡಿದ್ದೆ. ಶೋಕಿಗೆ ಇದೆಲ್ಲಾ ಹಾಕುಸ್ತಾವ್ರೆ ಅಂತ ಸುಮ್ಕಾದೆ.”

ನಿಂಬೆಹಣ್ಣಿನಲ್ಲಿ ಎರಡು ದಂಡವಾಗಿದ್ದವು.

“ಅಮ್ಮ ಹೂ ಕೊಟ್ಳು ಅಂದ್ರಲ್ಲ ಭಾವ,” ಎಂದಳು ಮಾಯಮ್ಮ.

“ತಗೊಳ್ಳಲಾ ಅಂತ ಕೇಳ್ದೆ. ತಗೋ ಅಂದ್ಲು. ಹತ್ತುತ್ತಾ ಅಂತ ಕೇಳ್ಲಿಲ್ಲ.”

“ಅಕ್ಕ ಬದನೆಕಾಯಿನೂ ತಿರುಗ್ಸಿ ನೋಡ್ದೆ ತಗೋತಿರ್ನಿಲ್ಲ.”

ನಿಜ. ನಮ್ಮ ಮನೆಗೆ ಬಂದ ಪದಾರ್ಥವನ್ನೆಲ್ಲ ತಿರುಗಿಸಿ ನೋಡಿದವಳು ಅವಳೇ. ನಾನು ಚೀಲ ಹಿಡಿದುಕೊಂಡು ಹಿಂದೆ ನಿಲ್ಲುತ್ತಿದ್ದೆ.

ಮಾಯಮ್ಮ ಇಳಿದು ನಾಲ್ಕು ಹೆಜ್ಜೆ ಹತ್ತಿದಳು. ಮಂಡಿ ಹಿಡಿದುಕೊಂಡು ಕಲ್ಲಿನ ಮೇಲೆ ಕೂತಳು. ಬಿಸಿಲು ಇಳಿಯುತ್ತಿತ್ತು. ಹುಚ್ಚಯ್ಯ ಪೂಜಾರಿ ಸೂರ್ಯ ಮುಳುಗುವ ಮೊದಲೇ ಗುಡಿಯ ಬಾಗಿಲು ಹಾಕಿ ಇಳಿದುಬಿಡುತ್ತಾನೆ. ಮಾಯಮ್ಮ ನನ್ನ ಹೆಗಲ ಟವೆಲು ಎಳೆದುಕೊಂಡು ಸುತ್ತಿ ಸಿಂಬಿ ಮಾಡಿದಳು. ಸೆರಗು ಮರೆಮಾಡಿ ದೀಪ ಹಚ್ಚಿದಳು.

“ಬಗ್ಗಿ ಭಾವ.”

“ಗಂಡಸ್ರು ಹೊರ್ತಾರಾ?”

“ನಿಮ್ಗೋಸ್ಕರ ಕಟ್ಕಂಡ ಹರಕೆ. ಬಗ್ಗಿ ಅಂದ್ರೆ ಬಗ್ಗಿ.”

“ಬೆಟ್ಟ ಹತ್ತಬೇಡಿ ಅಂತ ಡಾಕ್ಟ್ರು ಹೇಳವ್ರೆ.”

“ಜೀಪ್ ತಗೊಳ್ಳಿ ಅಂತ ಹೇಳಿದ್ರಾ?”

ಬಗ್ಗಿದೆ. ಚಪ್ಪಲಿ ಬಿಟ್ಟು ಎರಡೂ ಕೈಯಲ್ಲಿ ತಟ್ಟೆ ಹಿಡಿದು ಹೊರಟೆ. “ಎದೆ ಹಿಡ್ಕಂಡ್ರೆ ಹೇಳಿ, ಹಿಂದೇನೇ ಬತ್ತೀನಿ,” ಎಂದ ಶುಕೂರ್. ಎದುರಿಗೆ ಬಂದ ಟಿಪ್ಪರಿನ ಡ್ರೈವರು ನಗಲು ಬಾಯಿ ತೆರೆದವನು, ಯಾಕೋ ಎಂಜಿನ್ನು ಆರಿಸಿ ದಾರಿ ಬಿಟ್ಟ. ನಾಲ್ಕು ಹೆಜ್ಜೆಗೊಮ್ಮೆ ನಿಂತೆ. ನಿಂತಾಗಲೆಲ್ಲ ಅಮ್ಮನ ಹೆಸರು ಹೇಳಬೇಕೆಂದುಕೊಂಡರೆ ಬಾಯಿಗೆ ಬರುತ್ತಿದ್ದದ್ದು ಪುಟ್ಟತಾಯಿಯ ಹೆಸರು. ಅಮ್ಮ ತಪ್ಪು ತಿಳಿಯಲಿಕ್ಕಿಲ್ಲ.

ಬಾಗಿಲು ಎಳೆಯುತ್ತಿದ್ದ ಹುಚ್ಚಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಹೆಂಗಸ್ರು ಯಾರೂ ಬರ್ನಿಲ್ವಾ?”

“ಪುಟ್ಟತಾಯಮ್ಮಂದು ಹರಕೆ,” ಎಂದೆ.

ಅವನು ಬಾಗಿಲನ್ನು ಪೂರ್ತಿ ತೆರೆದು, ನನ್ನ ತಲೆಯ ಮೇಲಿನ ತಟ್ಟೆಯನ್ನು ಇಳಿಸಿಕೊಂಡ. ದೀಪ ಆರಿರಲಿಲ್ಲ.