ಗಿಡ್ಡ ದನಿ, ಉದ್ದ ದನಿ

"ಎತ್ರಿ, ಎತ್ರಿ! ಎಡಕ್ಕ ವಾಲಾಕತ್ತೈತಿ!" ಎಂದು ಪರಪ್ಪ ಕೂಗುವಷ್ಟರಲ್ಲಿ ಹೂವಿನ ವಿಮಾನ ನಾಲ್ವರ ಹೆಗಲೇರಿತ್ತು. ಅದರೊಳಗೆ ತೀರಿಕೊಂಡ ಇಂಗ್ಲಿಷ್ ಟೀಚರು ವಿದ್ಯಾವತಿ ಅಕ್ಕೋರು ವಿಭೂತಿ ಹಚ್ಚಿಕೊಂಡು, ಪಾಠಕ್ಕೆ ಕೂತಂತೆ ನೆಟ್ಟಗೆ ಕೂತಿದ್ದರು.

ಭಜನೆಯ ಚಂದಪ್ಪ ಮುಂದೆ ನಿಂತು ತಾಳ ಬಡಿದ. ಕಿಣ್!

"ಶಿಪ್!" ಅಕ್ಕೋರ ಹತ್ತಿರ ಪಾಠಕ್ಕೆ ಬರುತ್ತಿದ್ದ ಮೂವತ್ತು ಮಕ್ಕಳು ಒಟ್ಟಿಗೆ ಕೂಗಿದವು.

ಗಾಬರಿಯಾದ ಚಂದಪ್ಪ ರಾಗ ಎಳೆದ.

"ಶೀ...ಪ್!" ಮಕ್ಕಳೂ ಎಳೆದವು.

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅಳು ತಡೆಯಲಿಕ್ಕಲ್ಲ.

"ಏನೋ ಚಂದಪ್ಪ ಇದು? ನನ್ನ ತಮ್ಮನ ಹೆಂಡ್ತಿ ಮಣ್ಣಿಗಿ ಬಂದ ಮಂದಿ ನಗಾಕತ್ತಾರ! ಇಡು ತಾಳ ಕೆಳಗ," ಎಂದು ಪರಪ್ಪ ಗದರಿದ.

"ಅಕ್ಕೋರ ಹಚ್ಚಿದ ರೂಢಿರಿ ಗೌಡ್ರ, ನಾ ಏನ್ ಮಾಡ್ಲಿ?" ಚಂದಪ್ಪ ತಾಳವನ್ನು ಎದೆಗೆ ಒತ್ತಿಕೊಂಡ. ಅಕ್ಕೋರನ್ನು ತಾನೇ ಹಾಡಿ ಕಳಿಸಬೇಕು, ಅವನಿಗೆ ಅದೊಂದೇ ಆಸೆ.

*

ಇಪ್ಪತ್ತು ವರ್ಷದ ಹಿಂದೆ ಇದೇ ಊರು ತಾಂಬಾದ ಸಾಲಿಯ ಮಕ್ಕಳು ಇಂಗ್ಲಿಷಿನ ಶಿಪ್ ಎಂಬ ಹಡಗನ್ನೂ ಶೀಪ್ ಎಂಬ ಕುರಿಯನ್ನೂ ಒಂದೇ ದನಿಯಲ್ಲಿ ಓದುತ್ತಿದ್ದವು. ಹೇಳಿ ಹೇಳಿ ಸೋತ ಅಕ್ಕೋರು ಒಂದು ಸೋಮವಾರ ಗುಡಿಯ ಭಜನೆ ಕೇಳಿದವರೇ ಕುರಿ ಕಾಯುವ ಚಂದಪ್ಪನನ್ನು ಸಾಲಿಗೆ ಕರೆದರು.

"ನನಗ ಅಕ್ಷರನ ಬರಂಗಿಲ್ಲರಿ."

"ನಿನಗ ಎಳಿಯಾಕ ಬರ್ತೈತಲ್ಲ! ತಾಳ ಬಡದ್ರ ಗಿಡ್ಡ ದನಿ, ರಾಗ ಎಳದ್ರ ಉದ್ದ ದನಿ. ಉಳಿದದ್ದು ನಂದು."

ಶೀಪ್ ಅಂದರೆ ಕುರಿ ಎಂದು ತಿಳಿದ ದಿನ ಚಂದಪ್ಪ ಹಟ್ಟಿಗೆ ಹೋಗಿ ಅಷ್ಟೂ ಕುರಿಗಳಿಗೆ ಹೇಳಿದ.

*

"ದೊಡ್ಡಪ್ಪ, ನಗ್ಲಿ ಬಿಡು," ಎಂದಳು ಅಕ್ಕೋರ ಮಗಳು ವಿಜಯಶ್ರೀ. "ಅವ್ವನ ಕ್ಲಾಸಿನಾಗ ಯಾರರ ಅತ್ತಿದ್ರೇನು?"

ಪರಪ್ಪ ಮೀಸೆ ತಿರುವಿದ. "ಆತು, ನಡೀಲಿ. ಆದ್ರ ದಾರ್ಯಾಗ ಯಾರರ ಚಾಷ್ಟಿ ಮಾಡಿ ಆಡಿಕೊಂಡ್ರ ಅಲ್ಲಿಗೇ ಬಂದ್!"

ಊರು ದಾಟುವವರೆಗೆ ಮಕ್ಕಳು ಕೂಗಿದ್ದೇ ಕೂಗಿದ್ದು. ಲಿಂಬಿ ತೋಟ ಬಂದಾಗ ಚಂದಪ್ಪನ ಕೈ ನಿಂತಿತು. ಕಾಯಿ ಹರಿಯುವ ಹೆಂಗಸರ ಬಾಯಿ ಊರಿಗೇ ಗೊತ್ತು. ಅವನು ಪರಪ್ಪನ ಮುಖ ನೋಡಿದ.

"ಏನ್ ನೋಡ್ತಿ? ಬಡಿ!"

ಕಿಣ್!

ಮಕ್ಕಳು ಬಾಯಿ ತೆರೆಯುವ ಮೊದಲೇ ಗಿಡಗಳ ಒಳಗಿಂದ ಉತ್ತರ ಬಂತು: "ಶಿಪ್!"

ಚಂದಪ್ಪ ಕಣ್ಣು ಮುಚ್ಚಿ ರಾಗ ಎಳೆದ. ಮುಳ್ಳುಗಿಡಗಳ ನಡುವೆ, ಒಂದು ಕಾಲಕ್ಕೆ ಅಕ್ಕೋರ ಸಾಲಿಯಲ್ಲಿ ಕಲಿತಿದ್ದ ಹತ್ತು ಹನ್ನೆರಡು ಹೆಂಗಸರು ಎದ್ದು ನಿಂತು ಅವನ ಜೊತೆ ಎಳೆದರು. ಕೈ ಮುಗಿಯಲು ಹೋಗಿ ಬಿಟ್ಟ ಉಡಿಗಳಿಂದ ಹಳದಿ ಲಿಂಬಿಕಾಯಿ ದಾರಿಯ ತುಂಬ ಉರುಳಿದವು. ಹೊತ್ತವರು ಕಾಲಿಡಲು ಜಾಗ ಹುಡುಕುತ್ತ ನಿಂತರು. ಹೆಂಗಸರು ಮಾತ್ರ ಇನ್ನೂ "ಶೀ..." ಎಳೆಯುತ್ತಲೇ ಇದ್ದರು.