ಕೇಳುವುದನ್ನು ಬಿಟ್ಟ ಕಂಪ್ಯೂಟರು

ಹರಪನಹಳ್ಳಿಯ ನೋಂದಣಿ ಕಚೇರಿಯ ಎದುರು ಪತ್ರ ಬರೆಯುವ ಫಕೀರಸಾಬರು ಇಪ್ಪತ್ತೆರಡು ವರ್ಷಗಳಿಂದ ಹೊಸ ಪತ್ರವೊಂದನ್ನೂ ಬರೆದಿರಲಿಲ್ಲ. ಪಾಲಿಗೊಂದು, ಕ್ರಯಕ್ಕೊಂದು, ದಾನಕ್ಕೊಂದು ತಾಯಿಪ್ರತಿ ಕಂಪ್ಯೂಟರಿನಲ್ಲಿತ್ತು. ಅದನ್ನು ತೆಗೆದು ಬಂದವರ ಹೆಸರು, ಸರ್ವೆ ನಂಬರು ತುಂಬುವುದು, ಬೇಡದ್ದು ಅಳಿಸುವುದು, ಪ್ರಿಂಟು ತೆಗೆದು ಮುಚ್ಚುವುದು. ಮುಚ್ಚುವಾಗ ಕಂಪ್ಯೂಟರು ಪುಟ್ಟದೊಂದು ಚೌಕ ತೋರಿಸಿ, ಬದಲಾದದ್ದನ್ನು ಉಳಿಸಲೇ ಎಂದು ಕೇಳುತ್ತಿತ್ತು. ಸಾಬರು ಬೇಡ ಎಂದು ಒತ್ತುತ್ತಿದ್ದರು. ತಾಯಿಪ್ರತಿ ಇದ್ದ ಹಾಗೇ ಇರುತ್ತಿತ್ತು.

ಹೋದ ವಾರ ಅಕ್ಕನ ಮಗ ಫಿರೋಜ್ ಹಳೆಯ ಕಂಪ್ಯೂಟರ್ ಪೆಟ್ಟಿಗೆಯನ್ನು ಹೊತ್ತೊಯ್ದು, ಅದರಲ್ಲಿದ್ದ ಪ್ರತಿಗಳನ್ನೆಲ್ಲ ತುಂಬಿದ ಹೊಸದನ್ನು ತಂದಿಟ್ಟ. ಹಳೆಯದು ಕೆಲಸ ಮಾಡುವಾಗ ಕೆಂಪು ದೀಪ ಮಿಣುಕಿಸುತ್ತಿತ್ತು, ಕರಕರ ಅನ್ನುತ್ತಿತ್ತು. ಹೊಸದು ಸಾವುಕಾರರ ಮನೆಯ ಸೊಸೆಯ ಹಾಗೆ, ಏನು ಮಾಡಿತು, ಏನು ಬಿಟ್ಟಿತು ಒಂದೂ ತಿಳಿಯದು. ಮುಚ್ಚಿದರೆ ಸುಮ್ಮನೆ ಮುಚ್ಚಿಕೊಂಡಿತು, ಚೌಕವೂ ಬರಲಿಲ್ಲ. ಒತ್ತುವ ಕೆಲಸ ಒಂದು ಕಡಿಮೆಯಾಯಿತಲ್ಲ ಎಂದು ಸಾಬರು ಬೆರಳು ನೀವಿಕೊಂಡರು.

ಬುಧವಾರ ತೆಲಿಗಿಯಿಂದ ಗುರುಬಸಮ್ಮ ಇಬ್ಬರು ತಮ್ಮಂದಿರ ಜೊತೆ ಬಂದಳು. ಅಪ್ಪ ತೀರಿಕೊಂಡು ಒಂಬತ್ತು ವರ್ಷದ ಮೇಲೆ ಅಕ್ಕನಿಗೆ ಎರಡು ಎಕರೆ ಬಿಡಲು ತಮ್ಮಂದಿರು ಒಪ್ಪಿದ್ದರು. ನೋಂದಣಿ ಮೂರು ಗಂಟೆಗೆ. ಇವತ್ತು ತಪ್ಪಿದರೆ ಈ ಒಪ್ಪಿಗೆ ಮತ್ತೆ ಎಂದು ಸಿಗುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಸಾಬರು ಪಾಲಿನ ತಾಯಿಪ್ರತಿ ತೆಗೆದರೆ ಅದರ ತುಂಬ ಹಿಂದಿನ ದಿನ ಬಂದಿದ್ದ ದೊಡ್ಡಬೀರಪ್ಪನ ಹೆಸರು. ಯಾವುದೋ ತಪ್ಪು ಪ್ರತಿ ತೆಗೆದೆನೇನೋ ಎಂದು ಗೊಣಗಿ, ಸಿಕ್ಕ ಹೆಸರನ್ನೆಲ್ಲ ಬದಲಾಯಿಸಿ ಪ್ರಿಂಟು ತೆಗೆದರು. ಇಲ್ಲದ ಹೆಸರು ಕಣ್ಣಿಗೆ ಹೇಗೆ ಬೀಳಬೇಕು?

ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳುವುದು ಅವರ ಮೇಜಿನ ಪದ್ಧತಿ. ಓದಿದರು. ಗುರುಬಸಮ್ಮ ಸೆರಗು ಬಿಗಿದಳು.

“ತಡೀರಿ ಸಾಬರ. ನಾನೆಲ್ಲಿ ಅದೀನಿ ಇದರಾಗ?”

ಸಾಬರು ಪುಟ ತಿರುವಿದರು. ದೊಡ್ಡಬೀರಪ್ಪನಿಗೆ ಅಕ್ಕತಂಗಿಯರಿರಲಿಲ್ಲ. ಅದಕ್ಕೇ ಹೆಣ್ಣುಮಕ್ಕಳ ಪಾಲಿನ ಪ್ಯಾರಾವನ್ನು ಸಾಬರೇ ನಿನ್ನೆ ಅಳಿಸಿದ್ದರು. ಫಿರೋಜನಿಗೆ ಫೋನು ಹಚ್ಚಿದರು.

“ಮಾಮು, ಅದು ಈಗ ಕೇಳಂಗಿಲ್ಲ, ತಾನಾ ಉಳಿಸಿಕೊಂತೈತಿ. ಆರಾಮಲ್ಲೇನು?”

“ಬ್ಯಾಡ ಅನ್ನೋದು ಎಲ್ಲಿ ಒತ್ತಬೇಕಲೇ?”

“ಉಳಿಸೋದು ಬ್ಯಾಡ ಅಂತ ಯಾರಂತಾರ, ಮಾಮು!”

ಹಳೆಯ ಪೆಟ್ಟಿಗೆ ಆಗಲೇ ಗುಜರಿಗೆ ಹೋಗಿತ್ತು. ಗವಿಸಿದ್ದೇಶ್, ದೊಡ್ಡ ತಮ್ಮ, ಹೊಸದೊಂದು ಹುರುಪಿನಲ್ಲಿ ಮುಂದೆ ಬಂದ.

“ಟೈಮ್ ಆಗೈತಿ, ಹಿಂಗಾ ಸಹಿ ಮಾಡಾನ. ಅಕ್ಕಗ ಎರಡೆಕರಿ ಬಾಯಿಮಾತಿನಾಗ ಕೊಟ್ಟೀವಲ್ಲ.”

“ಬಾಯಿಮಾತಿನಾಗ ಒಂಬತ್ತು ವರ್ಷ ಕೊಟ್ಟೀರಿ ಬಿಡು,” ಅಂದಳು ಗುರುಬಸಮ್ಮ. “ಕಾಗದದಾಗ ಅದು ಬರೀದ ನನ್ನ ಹೆಬ್ಬಟ್ಟು ಬೀಳಂಗಿಲ್ಲ.”

ಆ ಪ್ಯಾರಾ ಕಟ್ಟಿಕೊಟ್ಟವರು ಸಾಬರ ಗುರು ಶಿವಯೋಗಪ್ಪನವರು. ಅವರು ತೀರಿ ಹೋಗಿದ್ದರು. ಸಾಬರಿಗೆ ಮೊದಲ ಸಾಲು ನೆನಪಾಯಿತು, ಎರಡನೆಯದು ಬರಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ನೀವಾ ಹೇಳ್ರಿ ಬೇ, ನಾ ಹೊಡಿತೀನಿ.”

ಗುರುಬಸಮ್ಮ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. “ಹಳ್ಳದ ಕಡಿ ಎರಡೆಕರಿ ಗುರುಬಸಮ್ಮಗ. ಬದುವಿನ ಗುಂಟ ಬಂಡಿದಾರಿ. ಬಾವಿನೀರು ವಾರಕ್ಕ ಎರಡು ದಿನ.”

“ನೀರಿನ ಮಾತು ಎಲ್ಲಿಂದ ಬಂತು?” ಗವಿಸಿದ್ದೇಶ್ ಸಾಬರ ಕಡೆ ತಿರುಗಿದ. “ಮೊದಲಿನ ಪತ್ರದಾಗ ಅದು ಇತ್ತೇನ್ರಿ?”

ಇರಲಿಲ್ಲ. ದಾರಿಯ ಮಾತೂ ಇರಲಿಲ್ಲ. ಪಾಲು ಸಿಕ್ಕರೂ ದಾರಿಯಿಲ್ಲದೆ ಹೊಲಕ್ಕೆ ಕಾಲಿಡಲಾಗದೆ ಕಚೇರಿಗೆ ವಾಪಸು ಬಂದ ಹೆಣ್ಣುಮಕ್ಕಳನ್ನು ಸಾಬರು ಬಹಳ ನೋಡಿದ್ದರು.

“ಮೊದಲಿನದು ಹೋತಲ್ಲಪ್ಪ,” ಅಂದರು. “ಏನಿತ್ತೋ ಏನೋ.”

“ಒಂದು ದಿನ ಬರೀರಿ.”

“ಎರಡು,” ಅಂದಳು ಗುರುಬಸಮ್ಮ.

ಸಣ್ಣ ತಮ್ಮ ಮೊಬೈಲಿನಿಂದ ತಲೆ ಎತ್ತಿ, “ಕೊಡೋ ಅಣ್ಣ, ಆ ನೀರು ನೀ ಎಲ್ಲಿ ಕುಡೀತಿ,” ಅಂದ.

ಗವಿಸಿದ್ದೇಶ್ ಗಡಿಯಾರ ನೋಡಿದ. ಮೂರಕ್ಕೆ ಹತ್ತು ನಿಮಿಷ.

“ಹೊಡೀರಿ ಅತ್ಲಾಗ.”

ಸಾಬರು ಹೊಡೆದರು. ಗುರುಬಸಮ್ಮನ ಮಾತನ್ನು ತಿದ್ದದೆ, ಅವಳು ಹೇಳಿದ ಹಾಗೆಯೇ ಹೊಡೆದರು. ಪ್ರಿಂಟು ತೆಗೆದು ಮುಚ್ಚಿದಾಗ ಕಂಪ್ಯೂಟರು ಏನೂ ಕೇಳದೆ ಅದನ್ನು ತಾಯಿಪ್ರತಿಯಲ್ಲೇ ಉಳಿಸಿಕೊಂಡಿತು.